ಎರೆನೆಲದ ಚಿತ್ರ

"ಗುರುಗಳೇ, ನಾನು ಹುಟ್ಟಿದ ಸೀಮೆಯ ಕಡೆಗೆ ಯಾರೂ ತಿರುಗಿ ನೋಡಿಲ್ಲ. ಅದನ್ನು ಚಿತ್ರದಲ್ಲಿ ತಂದು ಪಟ್ಟಣದವರ ಮನಸ್ಸು ಕರಗಿಸಬೇಕೆಂದಿದ್ದೇನೆ. ಹೇಗೆ ಬರೆಯಲಿ?" ಎಂದು ಶಿಷ್ಯ ಗೂಳಪ್ಪ ಕೇಳಿದ.

ಮಾನಪ್ಪ ಗುರುಗಳು ಚಿತ್ರ ಕಲಿಸುತ್ತಲೇ ಮುದುಕರಾದವರು. "ಕರಗಿಸುವುದು ದೊಡ್ಡ ವಿದ್ಯೆಯೇನಲ್ಲ. ಒಬ್ಬ ಕರಗಿಸಿದ ಕತೆ ಹೇಳುತ್ತೇನೆ, ಕೂತುಕೋ" ಎಂದರು.

ಒಂದು ದೇಶವಿತ್ತು. ಅದರ ರಾಜಧಾನಿ ಕಡಲ ದಂಡೆಯಲ್ಲಿತ್ತು. ಹೊರಗಿನಿಂದ ಬಂದವರು ಕಡಲು ನೋಡಿ, ದೇಶವನ್ನೇ ನೋಡಿದೆವೆಂದು ಹಿಂದಿರುಗುತ್ತಿದ್ದರು. ಒಳನಾಡಿನಲ್ಲಿ ಕಣ್ಣು ಹಾಯುವಷ್ಟು ದೂರ ಕಪ್ಪು ಮಣ್ಣಿನ ಎರೆಭೂಮಿ. ಅಲ್ಲಿಗೆ ಹೋಗುವವರೆಂದರೆ ಅಲ್ಲಿ ಹುಟ್ಟಿದವರು ಮಾತ್ರ.

ಅಲ್ಲಿ ಹುಟ್ಟಿದ ಒಬ್ಬ ರಾಜಧಾನಿಗೆ ಬಂದು ಚಿತ್ರಕಾರನಾದ. ಊರಿಗೆ ಹೋಗಿಬರುವುದು ಕಡಿಮೆಯಾಯಿತು, ಊರನ್ನು ನೆನೆಯದ ದಿನವಿರಲಿಲ್ಲ. ಬೇಸಿಗೆಯಲ್ಲಿ ಎರೆನೆಲ ಬಿರಿದು ಬಾಯಿ ಬಿಡುತ್ತದೆ. ಚಿಕ್ಕಂದಿನಲ್ಲಿ ಅವನು ಅಂಥ ಬಿರುಕಿಗೆ ಹುಣಿಸೆಬೀಜ ಹಾಕಿ, ಎಷ್ಟು ಆಳಕ್ಕೆ ಹೋಯಿತೆಂದು ಕಿವಿಗೊಟ್ಟು ಕೇಳುತ್ತಿದ್ದ. ಅವನ ಸೋದರಮಾವ ರೈತ. ಹೊಲದಲ್ಲಿ ಮಂಡಿಯೂರಿ, ಬಿರುಕಿಗೆ ಮೊಳಕೈ ತನಕ ಕೈ ಇಳಿಸಿ, "ಈ ಸಲ ಚಲೋ ಬಿರಿದೈತಿ" ಎಂದು ಹಿಗ್ಗುತ್ತಿದ್ದ. ಚೆನ್ನಾಗಿ ಬಿರಿದ ನೆಲ ಮೊದಲ ಮಳೆಯನ್ನು ತಳದವರೆಗೆ ಕುಡಿಯುತ್ತದೆ. ಆ ಹಸಿಯ ಮೇಲೆಯೇ ಹಿಂಗಾರಿ ಜೋಳ ಆಳೆತ್ತರ ಬೆಳೆಯುತ್ತದೆ. ನಾನೂ ಆ ಕಡೆಯವನೇ, ಗೂಳಪ್ಪ. ಗಾಳಿಗೆ ಆ ಜೋಳ ಮಾಡುವ ಸಪ್ಪಳ ನೆನೆದರೆ ಈಗಲೂ ಎದೆ ಭಾರವಾಗುತ್ತದೆ.

ಚಿತ್ರಕಾರ ಆ ಬಿರುಕನ್ನೇ ಬರೆದ. ಮಾವ ಚೀಲದಲ್ಲಿ ಕಟ್ಟಿ ಕಳಿಸಿದ ಎರೆಮಣ್ಣನ್ನು ಅರೆದು ಬಣ್ಣ ಮಾಡಿಕೊಂಡ. ಮೊದಲ ಚಿತ್ರ ಬರೆದದ್ದು ಊರಿನ ಹಂಬಲದಿಂದ, ಸಂತೋಷದಿಂದ. ನೋಡಲು ಬಂದ ಹೆಂಗಸೊಬ್ಬಳು "ಅಯ್ಯೋ, ಎಂಥ ಬರ!" ಎಂದು ಕಣ್ಣೊರೆಸಿಕೊಂಡಳು. ಇದು ಬರವಲ್ಲ ಎನ್ನಬೇಕೆಂದು ಅವನು ಎದ್ದ. ಅಷ್ಟರಲ್ಲಿ ಇನ್ನಿಬ್ಬರು ಕಣ್ಣೊರೆಸಿಕೊಂಡರು. ಅವನು ಕೂತುಬಿಟ್ಟ. ಮುಂದಿನ ಚಿತ್ರದಲ್ಲಿ ಬಿರುಕು ಇನ್ನಷ್ಟು ಅಗಲವಾಯಿತು. ಅದರ ಮುಂದಿನದರಲ್ಲಿ ಮೂಲೆಯಲ್ಲಿದ್ದ ಜೋಳದ ದಂಟೂ ಮಾಯವಾಯಿತು. ಹೆಸರು ಬಂತು, ಹಾರ ತುರಾಯಿ ಬಂತು. ಅತ್ತವರೆಲ್ಲ ಮನೆಗೆ ಹೋಗಿ ಹೊಟ್ಟೆ ತುಂಬ ಊಟ ಮಾಡಿದರು.

ಇತ್ತ ಮಾವ ತನ್ನ ಮಗನಿಗೆ ಹೆಣ್ಣು ನೋಡಿದ್ದ. ಹುಡುಗ ಹುಡುಗಿ ಇಬ್ಬರೂ ಒಪ್ಪಿದ್ದರು. ಹೆಣ್ಣಿನ ತಂದೆ ರಾಜಧಾನಿಯ ಹತ್ತಿರದ ಗದ್ದೆ ಸೀಮೆಯವನು, ಎರೆಭೂಮಿ ಕಂಡವನಲ್ಲ. ಅವನು ಗಂಡಿನ ಮನೆ ನೋಡಲು ಬರುವುದೊಂದೇ ಬಾಕಿಯಿತ್ತು. ಮಾವನಿಗೆ ಅಳಿಯನ ಮೇಲೆ ಎಲ್ಲಿಲ್ಲದ ಹೆಮ್ಮೆ. "ನಮ್ಮ ಮನಿ ನೋಡಾಕ ಬರೂ ಮೊದಲ ನಮ್ಮ ಅಳಿಯ ಬರದ ಚಿತ್ರ ನೋಡ್ರಿ. ನಮ್ಮ ಸೀಮಿ ಹೆಂಗೈತಿ ಅಂತ ಗೊತ್ತಾಕ್ಕೈತಿ" ಎಂದು ತಾನೇ ಹೇಳಿಕಳಿಸಿದ.

ಹೆಣ್ಣಿನ ತಂದೆ ಹೋಗಿ ನೋಡಿದ. ಅವನೂ ಕಣ್ಣೊರೆಸಿಕೊಂಡ. ಮನೆ ನೋಡಲು ಗೊತ್ತುಮಾಡಿದ್ದ ದಿನ ಮಾವನ ಮನೆಯಲ್ಲಿ ಹೋಳಿಗೆ ಮಾಡಿಟ್ಟು ಸಂಜೆಯವರೆಗೆ ಕಾದರು. ಯಾರೂ ಬರಲಿಲ್ಲ. ವಾರದ ಮೇಲೆ, ಸಂಬಂಧ ಬೇಡವೆಂಬ ಮಾತು ಬಂತು.

ಮಾವ ರಾಜಧಾನಿಗೆ ಹೋದ. ಚಿತ್ರಗಳ ಮುಂದೆ ಬಹಳ ಹೊತ್ತು ನಿಂತ. ಬೈಯಲಿಲ್ಲ.

"ಮಣ್ಣೇನೋ ನಮ್ದ ಐತಿ, ಅಳಿಯಾ. ಆದ್ರ ಇದನ್ನ ನೋಡಿದ ಮ್ಯಾಲ ನಾನಾಗಿದ್ರೂ ಮಗಳನ್ನ ಕೊಡತಿದ್ದಿಲ್ಲ" ಎಂದ.

ಚಿತ್ರಕಾರ ಅಂದೇ ಗದ್ದೆ ಸೀಮೆಗೆ ಹೋಗಿ ಹೆಣ್ಣಿನ ತಂದೆಗೆ ಕೈಮುಗಿದ. ಅದು ಬರವಲ್ಲ, ನೆಲ ಬಿರಿಯುವುದು ಒಳ್ಳೆಯದು, ಮಾವನ ಮನೆಯಲ್ಲಿ ಜೋಳಕ್ಕೆ ಎಂದೂ ಕೊರತೆಯಾಗಿಲ್ಲ, ಒಮ್ಮೆ ಬಂದು ಕಣ್ಣಾರೆ ನೋಡಿ ಎಂದು ಬೇಡಿಕೊಂಡ. ಆತ ಮರ್ಯಾದೆಯಿಂದ ಎಲ್ಲವನ್ನೂ ಕೇಳಿಸಿಕೊಂಡ.

"ಸ್ವಾಮಿ, ಈಗ ನೀವು ಮಾವನ ಮೇಲಿನ ಅಕ್ಕರೆಗೆ ಹೀಗೆ ಹೇಳ್ತಿದ್ದೀರಿ. ಚಿತ್ರ ಬರೆಯುವಾಗ ನಿಮಗೆ ಯಾರ ಮುಲಾಜೂ ಇರಲಿಲ್ಲ. ನಾನು ಚಿತ್ರವನ್ನೇ ನಂಬ್ತೀನಿ" ಎಂದ.

ಆ ವರ್ಷವೇ ಹುಡುಗಿಯನ್ನು ಬೇರೆ ಕಡೆ ಕೊಟ್ಟರು. ಆ ಸಲ ಹಿಂಗಾರಿ ಜೋಳ ಬಹಳ ಚೆನ್ನಾಗಿ ಬಂದಿತ್ತು.

ಗುರುಗಳು ಕತೆ ನಿಲ್ಲಿಸಿದರು. ಗೂಳಪ್ಪನಿಗೆ ಸಮಾಧಾನವಾಗಲಿಲ್ಲ. "ಆದರೂ ಗುರುಗಳೇ, ಯಾರೂ ಕೇಳದ ಸೀಮೆಗಾಗಿ ಅಷ್ಟು ಜನ ಮರುಗಿದರಲ್ಲ. ಅದು ಸಣ್ಣ ಮಾತೇ?" ಎಂದ.

ಗುರುಗಳು ಹೇಳಿದರು: "ಅಯ್ಯೋ ಎಂದವರು ಯಾರೂ ಬೀಗರಾಗುವುದಿಲ್ಲ, ಮಗು."