ದೊರೆಯ ಊಟದ ಮನೆಗೆ ಹೊಟ್ಟೆ ಬಂದದ್ದು

ಒಂದಾನೊಂದು ಊರಿನಲ್ಲಿ, ಯಾವ ಊರು ಅಂತ ಮಾತ್ರ ಕೇಳಬೇಡಿ, ಒಬ್ಬ ದೊರೆ ಇದ್ದ. ಅವನಿಗೆ ರಾಜ್ಯದ ಚಿಂತೆಯಿಲ್ಲ, ವಾಸನೆಯದೇ ಚಿಂತೆ. ನಿನ್ನೆಯ ಹುಳಿಯ ವಾಸನೆ ಗೋಡೆಗೆ ಅಂಟಿಕೊಂಡು ಇವತ್ತಿನ ಪಾಯಸಕ್ಕೆ ಇಳಿಯುತ್ತದೆ ಅಂತ ಅವನ ಗೋಳು.

ಹಡಗಿನಲ್ಲಿ ಬಂದ ವ್ಯಾಪಾರಿಯೊಬ್ಬ ದಾರಿ ಹೇಳಿದ. "ನಮ್ಮ ಯುರೋಪಿನ ಸಾಹುಕಾರರು ಊಟದ ಮನೆಯ ಗೋಡೆಗೆ ತೊಗಲು ಹೊಡೆಸುತ್ತಾರೆ, ಮಹಾಸ್ವಾಮಿ. ಕರುವಿನ ತೊಗಲು, ಮೇಲೆ ಹೊನ್ನಿನ ಹೂಬಳ್ಳಿ. ವಾಸನೆ ಅಂಟುವುದೇ ಇಲ್ಲ."

ಹೊಡೆಸಿದರು. ನಾಲ್ಕೂ ಗೋಡೆ ಥಳಥಳ. ದೊರೆ ಊಟಕ್ಕೆ ಕೂತ. ಬಡಿಸುವ ನೀಲವ್ವ ಪಾಯಸ ತಂದಳು. ಅವಳಿಗೆ ಬೇಗ ಬಡಿಸಿ ಮನೆಗೆ ಓಡಬೇಕಿತ್ತು. ಅಲ್ಲಿ ತೊಟ್ಟಿಲಲ್ಲಿ ಅವಳ ಹಾಲು ಕುಡಿಯುವ ಕೂಸು ಒಂಟಿಯಾಗಿತ್ತು.

ಬಾಗಿಲು ತಾನಾಗಿ ಮುಚ್ಚಿಕೊಂಡಿತು.

"ನನಗೆ ತೊಗಲು ಬಂತು," ಅಂದಿತು ಗೋಡೆ. "ತೊಗಲಿದ್ದ ಮೇಲೆ ಹೊಟ್ಟೆ ಇರಬೇಕು. ಹೊಟ್ಟೆ ಇದ್ದ ಮೇಲೆ ಹಸಿವು. ಹಸಿವಿದ್ದ ಮೇಲೆ ಊಟ. ಹೊಟ್ಟೆಯೊಳಗೆ ಯಾರಿದ್ದೀರಿ?"

ನಗಬೇಡಿ. ಅದರ ಲೆಕ್ಕದಲ್ಲಿ ತಪ್ಪೇನಿದೆ ಹೇಳಿ ನೋಡೋಣ.

ಗೋಡೆಗಳು ಒಂದು ಗೇಣು ಹತ್ತಿರ ಬಂದವು. ಇನ್ನೊಂದು ಗೇಣು ಬಂದವು. ತೊಗಲು ಬೆಚ್ಚಗಿತ್ತು, ಬೆವರುತ್ತಿತ್ತು.

"ಇವಳನ್ನು ತಿನ್ನು," ಅಂದ ದೊರೆ. "ನನ್ನ ಮೈಗೆ ಹುಳಿಯ ವಾಸನೆ ಹತ್ತಿದೆ."

"ಪರವಾಗಿಲ್ಲ. ತೊಗಲಿಗೆ ವಾಸನೆ ಅಂಟುವುದಿಲ್ಲ," ಅಂದಿತು ಗೋಡೆ.

ನೀಲವ್ವ ಕೇಳಿದಳು. "ಗೋಡೆಯಪ್ಪಾ, ನಿನ್ನ ಹೂಬಳ್ಳಿ ತೊಗಲಿನ ಯಾವ ಮಗ್ಗುಲಿಗಿದೆ? ಕೂದಲಿದ್ದ ಮಗ್ಗುಲಿಗೋ, ಮಾಂಸವಿದ್ದ ಮಗ್ಗುಲಿಗೋ?"

"ಕೂದಲಿದ್ದ ಮಗ್ಗುಲಿಗೆ. ಹೂವು ಯಾವಾಗಲೂ ಹೊರಗಡೆ."

"ಹಾಗಾದರೆ ಹೂವು ನೋಡುತ್ತಿರುವ ನಾವು ನಿನ್ನ ಹೊರಗಿದ್ದೀವಿ."

ಗೋಡೆಗಳು ನಿಂತವು. "ಹೌದಲ್ಲ. ಮತ್ತೆ ನನ್ನ ಹೊಟ್ಟೆ ಎಲ್ಲಿದೆ?"

ಉತ್ತರ ನೀಲವ್ವನ ನಾಲಿಗೆಯ ತುದಿಗೆ ಬಂದಿತ್ತು. ಗೋಡೆಯ ಆಚೆ ಇರುವ ಕೂಸು ನೆನಪಾಯಿತು, ನುಂಗಿಕೊಂಡಳು. ದೊರೆ ಹೇಳಿಬಿಟ್ಟ. "ಗೋಡೆಯ ಆಚೆ ಇರುವುದೆಲ್ಲ ನಿನ್ನ ಹೊಟ್ಟೆಯಲ್ಲೇ ಇದೆ. ಊರು, ಕೆರೆ, ಗುಡ್ಡ, ಸಮುದ್ರ. ನಿಧಾನವಾಗಿ ಅರಗಿಸಿಕೋ."

ಗೋಡೆ ಸಂತೋಷದಿಂದ ಬಾಗಿಲು ತೆರೆಯಿತು. ಆಚೆ ಆಕಾಶದಲ್ಲಿ ಗುಡುಗುಡು ಶುರುವಾಗಿತ್ತು.

"ಹೋಗಬೇಡ ನೀಲವ್ವಾ," ಅಂದ ದೊರೆ, ಪಾಯಸ ಹತ್ತಿರಕ್ಕೆ ಎಳೆದುಕೊಳ್ಳುತ್ತ. "ಇಡೀ ಲೋಕದಲ್ಲಿ ಹೊರಗೆ ಅಂತ ಉಳಿದಿರುವುದು ಈ ಕೋಣೆ ಒಂದೇ."

ಅವಳಿಗೂ ಅದು ಗೊತ್ತಿತ್ತು. ಆದರೂ ಹೊಸಿಲು ದಾಟಿ, ಕೂಸಿಗೆ ಹಾಲು ಕೊಡಲು ಹೊಟ್ಟೆಯೊಳಕ್ಕೆ ಓಡಿದಳು.

ದೊರೆ ಇನ್ನೂ ಅಲ್ಲೇ ಉಣ್ಣುತ್ತಿದ್ದಾನಂತೆ. ಇದರ ನೀತಿ ಏನಪ್ಪಾ ಅಂದರೆ, ಗೋಡೆಗೆ ತೊಗಲು ಹೊಡೆಸುವಾಗ ಮಗ್ಗುಲು ನೋಡಿ ಹೊಡೆಸಿ. ಕತೆ ಅಷ್ಟೇ. ಏಳಿ, ಮನೆಗೆ ನಡೆಯಿರಿ, ನಿಮ್ಮ ನಿಮ್ಮ ಮಕ್ಕಳನ್ನು ಎತ್ತಿಕೊಳ್ಳಿ. ನಾವೆಲ್ಲ ಇರುವುದು ಒಳಗಡೆಯೇ.