ಮೆಕ್ರೇ ದೊರೆಯ ಸೊಂಟದ ಚೀಲ

ಸ್ಕಾಟ್ಲೆಂಡಿನ ಗಂಡಸರು ಉಡುವ ಲಂಗಕ್ಕೆ ಜೇಬಿರುವುದಿಲ್ಲ. ಮುಂದೆ ಸ್ಪೋರನ್ ಎಂಬ ಚರ್ಮದ ಚೀಲ ಕಟ್ಟಿಕೊಳ್ಳುತ್ತಾರೆ. ಕರ್ನಲ್ ಮನೆಯ ಔತಣಕ್ಕೆಂದು ಮೆಕ್ರೇ ದೊರೆ ಅಂಥದೊಂದು ಮಾಡಿಸಿದ. ಮೇಕೆಕೂದಲು ಬೇಡ, ಕುದುರೆಕೂದಲು ಹಾಕು. ಕುಚ್ಚು ಮೂರು ಸಾಲದು, ಐದಿರಲಿ ಎಂದು ದೊರೆ ಹೇಳಿದ್ದೇ ಹೇಳಿದ್ದು. ಬಿಚ್ಚಿಸಿ ಹೊಲಿಸಿ ದಂಡಿನ ಅಂಗಡಿಯ ಗುಮಾಸ್ತನಿಗೆ ತಲೆ ಚಿಟ್ಟುಹಿಡಿಯಿತು.

ಔತಣದ ಮರುದಿನ ದೊರೆ ಚೀಲವನ್ನು ತಂದು ಅಂಗಡಿಯ ಮೇಜಿನ ಮೇಲೆ ಎಸೆದ. "ಹಿಡಿಸಲಿಲ್ಲ. ಕಟ್ಟಿಕೊಂಡೇ ಇಲ್ಲ. ದುಡ್ಡು ವಾಪಸ್ ಕೊಡು!"

ಕೊಟ್ಟರೆ ಗುಮಾಸ್ತನ ಸಂಬಳಕ್ಕೇ ಕತ್ತರಿ. ಅವನು ಚೀಲದ ಬಾಯಿ ತೆರೆದು ನೋಡಿದ. ಒಳಗೆ ಕರ್ನಲ್ ಮನೆಯ ಮುದ್ರೆಯ ಬೆಳ್ಳಿ ಚಮಚ! ಮೆಲ್ಲಗೆ ಮುಚ್ಚಿದ.

"ಆಗಲಿ ದೊರೆ. ನೀವು ಕಟ್ಟಿಕೊಂಡೇ ಇಲ್ಲ ಅಂದಮೇಲೆ ಒಳಗಿರೋ ಚಮಚವೂ ಅಂಗಡೀದೇ. ಎಲ್ಲರಿಗೂ ಕಾಣೋ ಹಾಗೆ ಎದುರಿಗೇ ಇಡ್ತೀನಿ. ಸಂಜೆ ಕರ್ನಲ್ ದೊರೆಸಾನಿ ಬರ್ತಾರೆ, ನೋಡಲಿ."

ದೊರೆ ಚೀಲ ಕಸಿದುಕೊಂಡ.

"ಯಾಕೆ ದೊರೆ, ಈಗ ಹಿಡಿಸಿತೇ?"

"ಬಹಳ!" ಎಂದು ಹಲ್ಲು ಕಡಿದು ದೊರೆ ಕುದುರೆ ಹತ್ತಿದ.