ಬಕ್ಕೇಶಿ ತಂದ ಉಸಿರಿನ ಮಿಷನ್ನು

ಹೇಳಿದ ಮಾತು ಕೇಳದ ಮಕ್ಕಳನ್ನು ಹೆತ್ತು ತಾಯಂದಿರು ಅಳುವುದುಂಟು. ಮಂಡಕ್ಕಿ ಭಟ್ಟಿ ಓಣಿಯ ಹಾಲವ್ವ ಅಳುತ್ತಿದ್ದದ್ದು ಹೇಳಿದ ಮಾತನ್ನು ಚಾಚೂ ತಪ್ಪದೆ ಕೇಳುವ ಮಗನನ್ನು ಹೆತ್ತು.

ಮಗನ ಹೆಸರು ಬಕ್ಕೇಶಿ. ವಯಸ್ಸು ಇಪ್ಪತ್ತಾರು. ಕಾದ ಮರಳಲ್ಲಿ ಮಂಡಕ್ಕಿ ಹುರಿಯುವ ಭಟ್ಟಿಯಲ್ಲಿ ಮೂಟೆ ಹೊರುವ ಕೆಲಸ. ಹೆಗಲು ಎತ್ತಿನ ಹೆಗಲು. ತಲೆ ಮಾತ್ರ ಮಂಡಕ್ಕಿ. ಹಗುರ, ಒಳಗೆಲ್ಲ ಗಾಳಿ. "ಬಾಗಿಲು ನೋಡ್ಕೋ" ಅಂದರೆ ಸಂಜೆಯ ತನಕ ಬಾಗಿಲನ್ನೇ ನೋಡುತ್ತ ನಿಲ್ಲುವನು. ಹಿತ್ತಿಲಿಂದ ಬೆಕ್ಕು ಬಂದು ಹಾಲು ಕುಡಿದು ಮೀಸೆ ನೆಕ್ಕಿಕೊಂಡು ಹೋದರೂ ಅತ್ತ ತಿರುಗಿ ನೋಡುವವನಲ್ಲ. "ನೀ ಬಾಗಿಲು ಅಂದಿದ್ದೆ, ಬೆಕ್ಕು ಅಂದಿರಲಿಲ್ಲ!"

ಮೂವತ್ತು ವರ್ಷ ಭಟ್ಟಿಯ ಹೊಗೆ ಕುಡಿದ ಹಾಲವ್ವನಿಗೆ ಉಬ್ಬಸ ಹತ್ತಿತು. ಡಾಕ್ಟರಮ್ಮ ಅವಳ ಬೆರಳಿಗೆ ಪುಟ್ಟ ಮಿಷನ್ನೊಂದನ್ನು ಸಿಕ್ಕಿಸಿ ನೋಡಿ ಹೇಳಿದರು: "ಹಾಲವ್ವಾ, ಇಂಥ ಆಕ್ಸಿಮೀಟರ್ ಒಂದು ಮನೇಲಿರಲಿ. ರಕ್ತದಲ್ಲಿ ಆಕ್ಸಿಜನ್ ಎಷ್ಟಿದೆ ಅಂತ ದಿನಾ ನೋಡಬೇಕು. ಶನಿವಾರದೊಳಗೆ ತಂದರೆ ಮನೇಲೇ ಇರಿ. ಇಲ್ಲದಿದ್ದರೆ ಹದಿನೈದು ದಿನ ವಾರ್ಡಿಗೆ ಸೇರಬೇಕಾಗುತ್ತೆ."

ವಾರ್ಡು! ಹಾಲವ್ವನಿಗೆ ಮಗನ ಚಿಂತೆ ಹತ್ತಿತು. ತಾನು ಹದಿನೈದು ದಿನ ಅಲ್ಲಿ ಮಲಗಿದರೆ ಈ ಮಗನಿಗೆ ಯಾರು ಗತಿ? "ಒಲೆ ನೋಡ್ಕೋ" ಅಂದವರ ಮಾತು ಕೇಳಿ ಮನೆ ಸುಟ್ಟುಹೋಗುವ ತನಕ ಒಲೆಯನ್ನೇ ನೋಡುತ್ತ ಕೂತರೆ?

ಮಾರ್ಕೆಟ್ಟಿಗೆ ನಡೆದುಹೋಗಲು ಅವಳಿಗೆ ಉಸಿರಿಲ್ಲ. ಮಂಗಳವಾರ ಮಗನನ್ನು ಎದುರಿಗೆ ಕೂರಿಸಿಕೊಂಡಳು.

"ಲೇ ಬಕ್ಕೇಶಿ, ಬಾಯಿ ತೆರೆದು ಬೆರಳನ್ನ ಕಚ್ಚಿ ಹಿಡೀತೈತಲ್ಲ, ಆ ಮಿಷನ್ನು ತಗಂಬಾ. ಸಡಿಲ ಇರಬಾರದು ನೋಡು!"

ಹೋದ. ಬಂದ. ತಂದದ್ದು ಬಟ್ಟೆ ಒಣಹಾಕುವ ಕ್ಲಿಪ್ಪು, ಒಂದು ಡಜನ್ನು. ಹತ್ತು ಬೆರಳಿಗೂ ಒಂದೊಂದು ಕಚ್ಚಿಸಿಕೊಂಡು, ಉಳಿದೆರಡನ್ನು ಕಿವಿಗೆ ಸಿಕ್ಕಿಸಿಕೊಂಡು ಬಂದಿದ್ದ. ಬೆರಳ ತುದಿಯೆಲ್ಲ ಬದನೆಕಾಯಿ ಬಣ್ಣ.

"ಸಡಿಲ ಇಲ್ಲವ್ವಾ! ಜೀವ ಹೋಗೋ ಹಂಗೆ ಹಿಡೀತೈತೆ! ಹೇಳಿದ್ದು ಹೇಳಿದಂಗೆ ತಂದೀನಿ!"

"ಅಯ್ಯೋ ಮಂಡಕ್ಕಿ ತಲೆಯವನೇ! ಕ್ಲಿಪ್ಪು ತಗೊಂಡು ನನ್ನ ಉಸಿರನ್ನ ತಂತಿ ಮೇಲೆ ಒಣಹಾಕ್ತೀಯೇನೋ? ಅದು ಅಂಕಿ ತೋರಿಸಬೇಕು ಕಣೋ! ಬೆರಳಿಟ್ಟರೆ ಅಂಕಿ ಕಾಣಬೇಕು. ನನ್ನ ಕಣ್ಣು ಮಂಜು, ದೊಡ್ಡ ಅಂಕಿ ಇರೋದು ತಗಂಬಾ!"

"ಅಷ್ಟೇ ತಾನೇ? ಮೊದಲೇ ಹೇಳಬಾರದಾ!"

ಬುಧವಾರ ಹೋದ. ಬಂದ. ಕಂಕುಳಲ್ಲಿ ಸುರುಳಿ ಸುತ್ತಿದ ಕ್ಯಾಲೆಂಡರು. ಗೋಡೆಗೆ ಹರಡಿ ಹಿಡಿದು, ಅವ್ವನ ಬೆರಳನ್ನು ತಾನೇ ಎಳೆದು ಅದರ ಮೇಲಿಟ್ಟ.

"ಇಡವ್ವಾ ಬೆರಳು! ಹದಿನಾಲ್ಕು! ಇಲ್ಲಿಡು, ಇಪ್ಪತ್ತೊಂದು! ಎಲ್ಲಿಟ್ಟರೂ ಅಂಕಿ! ಅಮಾಸೆನೂ ತೋರಿಸ್ತೈತೆ!"

ಹಾಲವ್ವ ನಗಬೇಕೋ ಅಳಬೇಕೋ ತಿಳಿಯದೆ ಕೆಮ್ಮಿದಳು. "ನನ್ನ ಉಸಿರು ನಿಲ್ಲೋ ತಾರೀಕು ಹುಡುಕೋಕೆ ತಂದೀಯೇನೋ ಇದನ್ನ? ಔಷಧಿ ಅಂಗಡಿಗೆ ಹೋಗೋ! ಷಡಕ್ಷರಪ್ಪನ ಅಂಗಡಿಗೆ! ನಿನ್ನ ಬೆರಳಿಗೇ ಹಾಕಿಸಿ, ಸರಿ ಇದ್ದರೆ ತಗಂಬಾ. ಆದರೆ ಆ ಷಡಕ್ಷರಪ್ಪನ ಬಾಯಿ ಊರಿನ ಡಂಗುರ. ಅಲ್ಲಿ ನಿಂತು ಉಸಿರು ಬಿಟ್ಟೀಯಾ ಜೋಕೆ!"

"ಬಿಡಲ್ಲವ್ವಾ. ನಿನ್ನಾಣೆ."

ಗುರುವಾರ ಅಂಗಡಿಯ ಮೆಟ್ಟಿಲ ಹತ್ತಿರ ನಿಂತು ಒಮ್ಮೆ ಎದೆ ತುಂಬ ಗಾಳಿ ಎಳೆದುಕೊಂಡ. ಬಾಯಿ ಮುಚ್ಚಿದ. ಮೂಗು ಹಿಡಿದ. ಒಳಗೆ ಹೋಗಿ ಬೆರಳು ಚಾಚಿದ.

"ಏನು ಬೇಕಪ್ಪಾ? ಆಕ್ಸಿಮೀಟರಾ?" ಅಂದ ಷಡಕ್ಷರಪ್ಪ.

ತಲೆ ಆಡಿಸಿದ.

"ಯಾರಿಗೆ?"

ಬೆರಳನ್ನು ಇನ್ನಷ್ಟು ಮುಂದೆ ಚಾಚಿದ. ಷಡಕ್ಷರಪ್ಪ ಒಂದನ್ನು ತೆಗೆದು ಬೆರಳಿಗೆ ಹಾಕಿದ. ತೊಂಬತ್ತೇಳು. ನೋಡುತ್ತಿದ್ದಂತೆ ಅಂಕಿ ಇಳಿಯತೊಡಗಿತು. ತೊಂಬತ್ತಮೂರು. ತೊಂಬತ್ತು. ಬಕ್ಕೇಶಿಯ ಮುಖ ಕೆಂಪಾಯಿತು, ಕಣ್ಣು ಗೋಲಿಯಾಯಿತು. ಎಂಬತ್ತಾರು!

"ಇದು ಕೆಟ್ಟೈತೆ" ಅಂತ ಷಡಕ್ಷರಪ್ಪ ಇನ್ನೊಂದು ಹಾಕಿದ. ಎಂಬತ್ತನಾಲ್ಕು!

"ಅಯ್ಯಯ್ಯೋ! ಎರಡೂ ಮಿಷನ್ನು ಸರಿ ಐತೆ, ಆಸಾಮಿನೇ ಸರಿ ಇಲ್ಲ! ಆಟೋ ಕರೀರಪ್ಪೋ!"

ಓಣಿಗೆ ಓಣಿಯೇ ಆಟೋದ ಹಿಂದೆ ಓಡಿಬಂತು. ದಾರಿಯಲ್ಲಿ ಮೈಮರೆತು ಉಸಿರಾಡಿದ್ದನೇನೋ, ಮುಖ ತಿಳಿಯಾಯಿತು; ಆಸ್ಪತ್ರೆ ಬಿಟ್ಟು ಮನೆಗೇ ತಂದರು. ಮನೆಯ ಬಾಗಿಲಲ್ಲಿ ಜನರನ್ನು ನೋಡಿದವನೇ ಮತ್ತೆ ಮೂಗು ಹಿಡಿದ.

"ಉಸಿರು ಬಿಡೋ ಮೂದೇವಿ!" ಅಂತ ಹಾಲವ್ವ ಬೆನ್ನಿಗೊಂದು ಗುದ್ದಿದಳು.

ಬುಸ್ಸಂತ ಬಿಟ್ಟ. "ಬಿಡಬ್ಯಾಡ ಅಂದೋಳೂ ನೀನೇ, ಬಿಡು ಅಂದೋಳೂ ನೀನೇ! ಒಂದು ಮಾತಿನ ಮೇಲೆ ನಿಲ್ಲಬೇಕವ್ವಾ!"

"ನನ್ನ ಕಾಯಿಲೆ ವಿಷಯ ಬಾಯಿ ಬಿಡಬ್ಯಾಡ ಅಂದಿದ್ದು ಕಣೋ! ಈಗ ಊರಿಗೆಲ್ಲ ಗೊತ್ತಾತು, ಇನ್ನು ಮುಚ್ಚಿಡೋದೇನೈತೆ? ನಾಳೆ ಹೋಗು. ಧಾರಾಳವಾಗಿ ಉಸಿರಾಡು. ಎರಡು ಮೂರು ಹಾಕಿಸಿ ನೋಡು. ಯಾವುದು ಮ್ಯಾಲೆ ಕೆಳಗೆ ಕುಣಿಯದೆ ಒಂದೇ ಅಂಕಿ ತೋರಿಸ್ತೈತೋ ಅದನ್ನೇ ತಗಂಬಾ!"

ಶುಕ್ರವಾರ ಬೆಳಿಗ್ಗೆ ಹೋದ. ಬಂದ. ಈ ಸಲ ಕೈಯಲ್ಲಿ ನಿಜವಾದ ಆಕ್ಸಿಮೀಟರು! ಹಾಲವ್ವ ಕಣ್ಣಿಗೊತ್ತಿಕೊಂಡಳು. ಬೆರಳಿಗೆ ಹಾಕಿದಳು. ತೊಂಬತ್ತೆಂಟು!

"ಷಡಕ್ಷರಪ್ಪ ತೋರಿಸಿದ್ದೆಲ್ಲ ಕುಣಿಯೋ ಮಿಷನ್ನೇ ಅವ್ವಾ. ಕಪಾಟಿನೊಳಗೆ ಇದೊಂದು ಸುಮ್ನೆ ಕೂತಿತ್ತು. ಬ್ಯಾಡ ಬ್ಯಾಡ ಅಂದರೂ ಬಿಡದೆ ತಂದೆ. ಸ್ವಲ್ಪನೂ ಅಲ್ಲಾಡಲ್ಲ! ಬೆರಳು ತೆಗೆದರೂ ತೊಂಬತ್ತೆಂಟು! ಬಾಗಿಲ ಚಿಲಕಕ್ಕೆ ಹಾಕು, ತೊಂಬತ್ತೆಂಟು! ನೆಲದ ಮೇಲಿಡು, ತೊಂಬತ್ತೆಂಟು!"

ಹಾಲವ್ವ ಮಿಷನ್ನನ್ನು ಕಣ್ಣ ಹತ್ತಿರ ಹಿಡಿದು ಉಗುರಿಂದ ಕೆರೆದಳು. ಅಂಕಿಯೇ ಕಿತ್ತು ಬಂತು! ಹೊಸ ಸಾಮಾನಿನ ಮೇಲೆ ಅಂಟಿಸಿದ ಪ್ಲಾಸ್ಟಿಕ್ ಹಾಳೆ, ಅದರ ಮೇಲೆ ಅಚ್ಚು ಹಾಕಿದ ತೊಂಬತ್ತೆಂಟು.

"ಚಿಲಕಕ್ಕೆ ಉಸಿರೈತೇನೋ, ಒನಕೆ! ಇದಕ್ಕೆ ಸೆಲ್ಲೇ ಹಾಕಿಲ್ಲ! ಮ್ಯಾಲಿನ ಅಂಕಿ ನಂಬ್ಕೊಂಡಿದ್ದರೆ ನಾನು ಸತ್ತ ಮ್ಯಾಲೂ ತೊಂಬತ್ತೆಂಟು ಅಂತಿದ್ದೆಯಲ್ಲೋ!"

ಟಿವಿ ರಿಮೋಟಿನಿಂದ ಎರಡು ಪುಟ್ಟ ಸೆಲ್ಲು ಬಿಚ್ಚಿ ಹಾಕಿದಳು. ಮಿಷನ್ನಿಗೆ ಜೀವ ಬಂತು. ಅಂಕಿ ಸ್ವಲ್ಪ ಹೊತ್ತು ಓಡಾಡಿ ತೊಂಬತ್ತೈದಕ್ಕೆ ನಿಂತಿತು. ಮಗನಿಗೆ ಓದುವುದನ್ನು ಕಲಿಸಿದಳು. ಕೊನೆಗೆ ಗಟ್ಟಿಯಾಗಿ ಹೇಳಿದಳು: "ತೊಂಬತ್ತರ ಕೆಳಗೆ ಇಳೀತು ಅನ್ನು, ಯೋಚನೆ ಮಾಡಬ್ಯಾಡ, ನನ್ನ ಇದ್ದಂಗೇ ಎತ್ಕೊಂಡು ಡಾಕ್ಟರಮ್ಮನ ಹತ್ರ ಓಡು!"

"ಇದ್ದಂಗೇ?"

"ಇದ್ದಂಗೇ!"

ಅದೇ ಮಧ್ಯಾಹ್ನ ಹಾಲವ್ವ ಹಿತ್ತಿಲಲ್ಲಿ ಮಣೆ ಹಾಕಿಕೊಂಡು ತಣ್ಣೀರಲ್ಲಿ ಪಾತ್ರೆ ತೊಳೆಯುತ್ತಿದ್ದಳು. ಬಕ್ಕೇಶಿಗೆ ಹೊಸ ಮಿಷನ್ನಿನ ಹುಮ್ಮಸ್ಸು. ಒದ್ದೆ ಬೆರಳನ್ನೇ ಎಳೆದು ಸಿಕ್ಕಿಸಿದ. ಎಂಬತ್ತೆಂಟು!

ಯೋಚನೆ ಮಾಡಲಿಲ್ಲ. ಮಣೆ ಸಮೇತ ಅವ್ವನನ್ನು ಹೆಗಲಿಗೆ ಎತ್ತಿದ.

"ಬಿಡೋ! ಸೆರಗು ಸರಿ ಮಾಡ್ಕೊಳ್ಳೋ ತನಕ ತಾಳೋ! ತಪಲೆ ಆದರೂ ಕೆಳಗಿಡ್ತೀನಿ!"

"ಕೆಳಗಿಟ್ಟರೆ ಇದ್ದಂಗೆ ಆಗಲ್ಲವ್ವಾ!"

ಓಡಿದ. ಬೀದಿಯ ನಡುವೆ ಹಾಲವ್ವನ ಮೆರವಣಿಗೆ! ಎಡಗೈಯಲ್ಲಿ ಬೂದಿ ಮೆತ್ತಿದ ತಪಲೆ, ಬಲಗೈಯಲ್ಲಿ ತೆಂಗಿನ ನಾರು. ನೋಡಿದವರು ಬಿದ್ದು ಬಿದ್ದು ನಕ್ಕರು. ಏಳು ನಿಮಿಷಕ್ಕೆ ಡಾಕ್ಟರಮ್ಮನ ಮೇಜಿನ ಮೇಲೆ ಅವ್ವ, ಮಣೆ, ತಪಲೆ.

ಡಾಕ್ಟರಮ್ಮ ತಮ್ಮ ಮಿಷನ್ನು ಹಾಕಿ ನೋಡಿದರು, ಅವನದ್ದೂ ಹಾಕಿ ನೋಡಿದರು. ಎರಡೂ ತೊಂಬತ್ತೈದು. ಎದೆಯನ್ನೂ ಪರೀಕ್ಷಿಸಿದರು. ಆಮೇಲೆ ಕನ್ನಡಕ ತೆಗೆದು, ಕಣ್ಣಲ್ಲಿ ನೀರು ಬರುವ ತನಕ ನಕ್ಕರು.

"ಒಳ್ಳೇ ಮಿಷನ್ನೇ ತಂದಿದೀಯಪ್ಪಾ. ಹಾಲವ್ವಾ, ನಿಮಗೆ ವಾರ್ಡು ಬೇಡ. ಇಷ್ಟು ಬೇಗ ಯಾವ ಆಂಬುಲೆನ್ಸೂ ತಂದು ಬಿಡಲ್ಲ. ನಿಶ್ಚಿಂತೆಯಿಂದ ಮನೇಲಿರಿ."

ಹಾಲವ್ವ ಮೇಜಿನ ಮೇಲೆ ಕೂತಲ್ಲಿಂದಲೇ ಮಗನ ತಲೆ ಸವರಿದಳು. ಬೂದಿ ಮೆತ್ತಿತು.

"ಆದರೆ ಬಕ್ಕೇಶಿ, ತಣ್ಣಗಿರೋ ಬೆರಳು ಸುಳ್ಳು ಹೇಳುತ್ತೆ" ಅಂದರು ಡಾಕ್ಟರಮ್ಮ. "ಇನ್ನು ಮೇಲೆ ಮೊದಲು ಕೈ ಬೆಚ್ಚಗೆ ಮಾಡು, ಆಮೇಲೆ ನೋಡು."

"ಗೊತ್ತು ಬಿಡ್ರೀ" ಅಂದ ಬಕ್ಕೇಶಿ, ಎಂದೂ ಇಲ್ಲದ ಜಾಣನಗೆ ನಕ್ಕು. "ಅದು ಹೆಂಗೆ ಅಂತ ನಮ್ಮವ್ವನೇ ಹೇಳಿಕೊಟ್ಟಾಳೆ. ರೇಷನ್ ಕಾರ್ಡು ಮಾಡಿಸೋವಾಗ."

ಹುಟ್ಟಿದಾಗಿನಿಂದ ಪ್ರತಿ ಮಾತನ್ನೂ ಇದ್ದಂತೆಯೇ ತೆಗೆದುಕೊಂಡವನು, ಇದ್ದಂತೆ ತೆಗೆದುಕೊಳ್ಳಬೇಕಾದ ಒಂದೇ ಒಂದು ಮಾತನ್ನು ಲೋಕದವರಂತೆ ತೆಗೆದುಕೊಂಡ.

ಮರುದಿನ ಬೆಳಿಗ್ಗೆ ಅವ್ವನ ಮುಂದೆ ಕೂತ. ಮಿಷನ್ನು ಹಾಕಿದ. ತೊಂಬತ್ತೊಂದು. ಎದ್ದು ಬಾಗಿಲು ಮುಂದೆ ಮಾಡಿದ. ಆ ಕಡೆ ನೋಡಿದ, ಈ ಕಡೆ ನೋಡಿದ. ಜೇಬಿನಿಂದ ಹತ್ತು ರೂಪಾಯಿಯ ನೋಟು ತೆಗೆದು, ನಾಲ್ಕು ಮಡಿಕೆ ಮಾಡಿ, ಅವ್ವನ ಅಂಗೈಯಲ್ಲಿ ತುರುಕಿ, ಮಿಷನ್ನಿನ ಬೆರಳೊಂದನ್ನು ಹೊರಗೆ ಬಿಟ್ಟು ಅವಳ ಮುಷ್ಟಿಯನ್ನು ತನ್ನ ಎರಡೂ ಕೈಯೊಳಗೆ ಗಟ್ಟಿಯಾಗಿ ಹಿಡಿದು, ಬಗ್ಗಿ ಪಿಸುಗುಟ್ಟಿದ:

"ಸಾಹೇಬ್ರೇ, ಸ್ವಲ್ಪ ನೋಡಿ ಮಾಡ್ಕೊಡ್ರೀ. ತೊಂಬತ್ತೈದು ಆದರೆ ಸಾಕು."

ಹಾಲವ್ವ ಬಾಯಿ ತೆರೆದವಳು ಬೈಗುಳ ಮರೆತು ನಗತೊಡಗಿದಳು. ಅವನು ಹಿಡಿದ ಮುಷ್ಟಿ ಬಿಡಲಿಲ್ಲ. ಭಟ್ಟಿಯ ಕೆಲಸದವನ ಕೈ, ಕಾದ ಮರಳಿನ ಹಾಗೆ ಬಿಸಿ. ಅಂಕಿ ತೊಂಬತ್ತೆರಡಾಯಿತು. ತೊಂಬತ್ತನಾಲ್ಕಾಯಿತು. ತೊಂಬತ್ತೈದಕ್ಕೆ ಬಂದು ನಿಂತಿತು.

"ನೋಡಿದೆಯಾ!" ಅಂತ ಬಕ್ಕೇಶಿ ತೊಡೆ ತಟ್ಟಿದ. "ಇದೂ ಸರ್ಕಾರದ್ದೇ ಮಿಷನ್ನು ಕಣವ್ವಾ!"